ಇಪ್ಪತ್ತು ಅಂಕ ಯಾವುದಕ್ಕೆ?

ಜೂನ್ ತಿಂಗಳಲ್ಲಿ ಒಂದು ಸಂಜೆ ತಂಗಿ ಫೋನ್ ಮಾಡಿದಳು. ಅವಳ ಮಗಳು ಈ ವರ್ಷ ಹಾಸನದ ಒಂದು ಪ್ರೈವೇಟ್ ಸ್ಕೂಲಿಗೆ ಎಂಟನೇ ಕ್ಲಾಸಿಗೆ ಸೇರಿದ್ದಾಳೆ. "ಅಕ್ಕ, ಇಂಗ್ಲಿಷ್ ಮಿಸ್ಸು ಒಂದು ಹಾಳೆ ಕಳಿಸಿದಾರೆ. ಎರಡೂ ಕಡೆ ಪ್ರಿಂಟಾಗಿದೆ. ಸೈನ್ ಹಾಕಿ ನಾಳೆನೇ ವಾಪಸ್ ಕಳಿಸ್ಬೇಕಂತೆ. ಏನಿದೆ ಅಂತ ಸ್ವಲ್ಪ ನೋಡು," ಅಂದು ವಾಟ್ಸಾಪಿನಲ್ಲಿ ಫೋಟೋ ಹಾಕಿದಳು. ತಂಗಿ ಬಿ.ಕಾಂ. ಓದಿದವಳು. ಅಂಗಡಿ ಲೆಕ್ಕ, ಜಿಎಸ್‌ಟಿ ಎಲ್ಲಾ ಅವಳ ಕೈಯಲ್ಲೇ ಇದೆ. ಅವಳೇ ಎರಡೆರಡು ಸಲ ಓದಬೇಕಾದ ಇಂಗ್ಲಿಷಿನಲ್ಲಿ, ಹದಿಮೂರು ವರ್ಷದ ಹುಡುಗಿ ಕ್ಲಾಸಿನಲ್ಲಿ ಹೇಗಿರಬೇಕು ಅಂತ ಬರೆದಿತ್ತು.

ಜೂಮ್ ಮಾಡಿ ಮಾಡಿ ಓದಿದೆ. ಕ್ಲಾಸಿನಲ್ಲಿ, ಕಾರಿಡಾರಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಿಲ್ಲ. ಕನ್ನಡ ಆಡಿದರೆ ಹತ್ತು ರೂಪಾಯಿ ದಂಡ. ಹೋಮ್‌ವರ್ಕ್ ಒಂದು ದಿನ ತಡವಾದರೆ ಅರ್ಧ ಅಂಕ, ಎರಡು ದಿನವಾದರೆ ಸೊನ್ನೆ. ಲಾಂಗ್ ನೋಟ್‌ಬುಕ್ಕಿಗೆ ಬ್ರೌನ್ ಪೇಪರ್ ಬೈಂಡು, ಅದರ ಮೇಲೆ ಶಾಲೆಯದೇ ಲೇಬಲ್ಲು. ಪ್ರಾಜೆಕ್ಟಿನ ಚಿತ್ರಗಳು ಕಲರ್ ಪ್ರಿಂಟೇ ಆಗಬೇಕು. ಮೊದಲ ಪೀರಿಯಡ್ಡಿನಲ್ಲಿ ಟಾಯ್ಲೆಟ್ಟಿಗೆ ಬಿಡುವುದಿಲ್ಲ. ಗೈಡು, ಇಂಟರ್‌ನೆಟ್ಟು, ಎಐ ನೋಡಿ ಬರೆದರೆ ಸೊನ್ನೆ, ಜೊತೆಗೆ ಪೋಷಕರಿಗೆ ಕರೆ. ಕೊನೆಯಲ್ಲಿ ವಿದ್ಯಾರ್ಥಿಯ ಸಹಿಗೆ ಒಂದು ಗೆರೆ, ಪೋಷಕರ ಸಹಿಗೆ ಒಂದು ಗೆರೆ. ಟೀಚರ್ ಸಹಿಗೆ ಜಾಗವೇ ಇರಲಿಲ್ಲ.

ಆ ಟೀಚರ್ ಮೇಲೆ ನನಗೆ ಸಿಟ್ಟಿಲ್ಲ. ಬಹುಶಃ ಆಡಳಿತ ಮಂಡಳಿಯವರೇ ಟೈಪ್ ಮಾಡಿಸಿ ಕೊಟ್ಟಿರುತ್ತಾರೆ. ಟೀಚರಿಗೂ ಐದಾರು ಸೆಕ್ಷನ್ ಇರುತ್ತವೆ, ಸಂಬಳ ಎಷ್ಟಿರುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೆ ಹಾಳೆ ಮಾತ್ರ ತಲೆಯಿಂದ ಹೋಗಲಿಲ್ಲ. ಯಾಕೆಂದರೆ ನಾನೂ ಇಂಗ್ಲಿಷ್ ಪಾಠ ಮಾಡುವವಳೇ. ಬೇಲೂರು ತಾಲೂಕಿನ ಕಾಫಿ ತೋಟದ ಕಡೆ ಒಂದು ಸರ್ಕಾರಿ ಹೈಸ್ಕೂಲು. ನಮ್ಮಲ್ಲಿ ಪ್ರಿಂಟ್ ಮಾಡಿದ ಹಾಳೆ ಇಲ್ಲ ಅನ್ನುವುದೊಂದೇ ವ್ಯತ್ಯಾಸ. ರೂಲ್ಸು ನಮ್ಮಲ್ಲೂ ಇವೆ. ಬಾಯಲ್ಲಿ ಇವೆ, ಕೆಲವರ ಕಣ್ಣಲ್ಲೇ ಇವೆ.

ನಾನು ಯೋಚಿಸುತ್ತಾ ಹೋದದ್ದು ಒಂದೇ ವಿಷಯ. ಆ ಹಾಳೆಯಲ್ಲಿ ಎರಡು ಬಗೆಯ ರೂಲ್ಸು ಕಲಸಿಹೋಗಿದ್ದವು. ಮಗುವಿಗೆ ಇಂಗ್ಲಿಷ್ ಎಷ್ಟು ಬಂತು ಅಂತ ನೋಡುವ ರೂಲ್ಸು ಕೆಲವು. ಆ ಮಗುವಿನ ಮನೆ ಹೇಗಿದೆ ಅಂತ ನೋಡುವ ರೂಲ್ಸು ಉಳಿದವು. ಎರಡಕ್ಕೂ ಅಂಕ ಮಾತ್ರ ಒಂದೇ ಕಾಲಮ್ಮಿನಲ್ಲಿ.

ನಮ್ಮ ಕೈಯಲ್ಲಿರುವ ಇಪ್ಪತ್ತು

ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಮಕ್ಕಳಿಗೆ ಇಂಗ್ಲಿಷ್ ದ್ವಿತೀಯ ಭಾಷೆ. ಬರೆಯುವ ಪರೀಕ್ಷೆಗೆ 80, ಆಂತರಿಕ 20. ಇಂಗ್ಲಿಷನ್ನೇ ಪ್ರಥಮ ಭಾಷೆ ತಗೊಂಡವರಿಗೆ 100 ಮತ್ತು 25. ಆ 80 ಅಂಕದ ಉತ್ತರ ಪತ್ರಿಕೆ ಯಾರೋ ಗುರುತಿಲ್ಲದ ಮೇಷ್ಟ್ರ ಮುಂದೆ ಹೋಗಿ ಕೂರುತ್ತದೆ. ಬರೆದವರು ಯಾವ ಊರಿನವರು, ಅವರ ಚಪ್ಪಲಿ ಹರಿದಿತ್ತಾ, ನೋಟ್‌ಬುಕ್ಕಿಗೆ ಬೈಂಡ್ ಹಾಕಿದ್ದರಾ, ಯಾವುದೂ ಅವರಿಗೆ ಗೊತ್ತಿಲ್ಲ. ಬರೆದದ್ದು ನೋಡುತ್ತಾರೆ, ಅಂಕ ಹಾಕುತ್ತಾರೆ. ಇಪ್ಪತ್ತು ಮಾತ್ರ ನಮ್ಮ ಕೈಯಲ್ಲಿ. ವರ್ಷದಲ್ಲಿ ನಾಲ್ಕು ಸಲ ಶಾಲೆಯಲ್ಲೇ ನಡೆಸುವ ಎಫ್‌ಎ, ಅಂದರೆ ರೂಪಣಾತ್ಮಕ ಮೌಲ್ಯಮಾಪನಗಳಲ್ಲಿ ಮಾಡಿಸಿದ ಚಟುವಟಿಕೆ, ಪ್ರಾಜೆಕ್ಟು, ಕಿರುಪರೀಕ್ಷೆ ಎಲ್ಲಾ ಸೇರಿ ಅದು ಬರುತ್ತದೆ. ಮಗುವನ್ನು ವರ್ಷಪೂರ್ತಿ ಕಂಡವರು ನಾವು, ಹಾಗಾಗಿ ಈ ಇಪ್ಪತ್ತು ಹೆಚ್ಚು ನ್ಯಾಯವಾಗಿರಬೇಕಿತ್ತು. ಎಷ್ಟೋ ಸಲ ಉಲ್ಟಾ ಆಗುತ್ತದೆ.

ಒಂದು ಪ್ರಾಜೆಕ್ಟ್ ನೆನಪಾಗುತ್ತದೆ. ನೀವು ಮೆಚ್ಚುವ ವ್ಯಕ್ತಿಯ ಬಗ್ಗೆ ಬರೆಯಿರಿ ಅಂತ ಒಂಬತ್ತನೇ ಕ್ಲಾಸಿಗೆ ಕೊಟ್ಟಿದ್ದೆ. ಮಕ್ಕಳು ಸ್ಟೇಷನರಿ ಅಂಗಡಿಗೆ ಹೋಗಿ ಚಿತ್ರಪಟ ತಂದರು. ವಿಜ್ಞಾನಿಗಳು, ಸ್ವಾತಂತ್ರ್ಯ ಹೋರಾಟಗಾರರು, ಕ್ರಿಕೆಟ್ಟಿನವರು ಎಲ್ಲಾ ಆ ಪಟಗಳಲ್ಲಿ ಸಾಲಾಗಿ ಸಿಗುತ್ತಾರೆ. ಹಿಂದೆ ನಾಲ್ಕು ಸಾಲು ಇಂಗ್ಲಿಷ್ ಅಚ್ಚಾಗಿರುತ್ತದೆ. ಕತ್ತರಿಸಿ ಅಂಟಿಸಿ, ಆ ನಾಲ್ಕು ಸಾಲು ಕಾಪಿ ಮಾಡಿ, ಸುತ್ತ ಸ್ಕೆಚ್ ಪೆನ್ನಿನಲ್ಲಿ ಬಳ್ಳಿ ಬಿಡಿಸಿದರೆ ಪ್ರಾಜೆಕ್ಟ್ ರೆಡಿ. ಒಬ್ಬಳು ಮಾತ್ರ ನೋಟ್‌ಬುಕ್ಕಿನಿಂದ ಹರಿದ ಒಂದೇ ಹಾಳೆ ತಂದಳು, ಅದೂ ಎರಡು ದಿನ ತಡವಾಗಿ. ಅಂಚೆಲ್ಲಾ ಹೊಗೆ ಹಿಡಿದು ಕಂದಾಗಿತ್ತು. ಅಮ್ಮನ ಬಗ್ಗೆ ಬರೆದಿದ್ದಳು. ಎಂಟು ಹತ್ತು ವಾಕ್ಯ, ಪ್ರತಿಯೊಂದರಲ್ಲೂ ಒಂದಲ್ಲ ಒಂದು ತಪ್ಪು. ಅದರಲ್ಲಿ ಒಂದು ವಾಕ್ಯ: "ಜನವರಿ ಮಂತ್ ಮೈ ಮದರ್ ಹ್ಯಾಂಡ್ ಈಸ್ ಬ್ಲಾಕ್, ಸೋಪ್ ಆಲ್ಸೋ ನೋ." ಕಾಫಿ ಕೊಯ್ದವರ ಕೈ ನೋಡಿದ್ದರೆ ನಿಮಗೆ ಬೇರೆ ವಿವರಣೆ ಬೇಡ. ಕರೆ ಉಗುರಿನ ಸಂದಿಗೆ ಇಳಿದುಬಿಟ್ಟರೆ ಸೋಪು ಹಾಕಿ ಉಜ್ಜಿದರೂ ವಾರಗಟ್ಟಲೆ ಹೋಗುವುದಿಲ್ಲ.

ಆಗ ನಮ್ಮ ಕಡೆ ಟೀಚರುಗಳ ಗ್ರೂಪಿನಲ್ಲಿ ಓಡಾಡುತ್ತಿದ್ದ ಒಂದು ಅಂಕದ ನಮೂನೆ ಇತ್ತು. ಮುಖಪುಟಕ್ಕೆ ಇಷ್ಟು, ಚಿತ್ರಗಳಿಗೆ ಇಷ್ಟು, ಅಂದವಾದ ಅಕ್ಷರಕ್ಕೆ ಇಷ್ಟು, ಸಮಯಕ್ಕೆ ಸರಿಯಾಗಿ ಕೊಟ್ಟದ್ದಕ್ಕೆ ಇಷ್ಟು, ಉಳಿದದ್ದು ವಿಷಯಕ್ಕೆ. ಆ ನಮೂನೆ ಹಿಡಿದು ಕೂತರೆ ಅಂಟಿಸಿದ ವಿಜ್ಞಾನಿಗಳೆಲ್ಲಾ ಫಸ್ಟ್ ಕ್ಲಾಸು, ಈ ಹುಡುಗಿ ಫೇಲು. ಇಡೀ ಕ್ಲಾಸಿನಲ್ಲಿ ಸ್ವಂತ ಇಂಗ್ಲಿಷ್ ಬರೆದವಳು ಅವಳೊಬ್ಬಳೇ. ನಮೂನೆ ಪಕ್ಕಕ್ಕಿಟ್ಟು ಬೇರೆ ಬರೆದುಕೊಂಡೆ. ಸ್ವಂತ ವಾಕ್ಯ ಎಷ್ಟು, ಓದಿದವರಿಗೆ ಅರ್ಥವಾಗುತ್ತದಾ, ಕಳೆದ ಸಲಕ್ಕಿಂತ ಏನು ಸುಧಾರಿಸಿದೆ, ಬರೆದದ್ದನ್ನು ಎದ್ದು ನಿಂತು ಓದಿ ಒಂದು ಪ್ರಶ್ನೆಗೆ ಉತ್ತರ ಹೇಳಬಲ್ಲರಾ. ಅಂದಚೆಂದಕ್ಕೆ ಒಂದು ಅಂಕವೂ ಇಲ್ಲ. ಚೆನ್ನಾಗಿ ಬಳ್ಳಿ ಬಿಡಿಸುವ ಮಕ್ಕಳಿಗೆ ಬೇಜಾರಾಯಿತು, ನಿಜ. ಅವರ ಚಾರ್ಟುಗಳನ್ನು ಗೋಡೆಗೆ ಹಾಕಿದೆ. ಅಂಕದ ಪಟ್ಟಿಗೆ ಹಾಕಲಿಲ್ಲ.

ಆನೆ, ಕೊಯ್ಲು, ಮತ್ತು ಅರ್ಧ ಅಂಕ

ಲೇಟಾಗಿ ಬಂದವರನ್ನು ಹೊರಗೆ ನಿಲ್ಲಿಸುವುದು ನಮ್ಮ ಶಾಲೆಗಳ ಅತಿ ಹಳೆಯ ರೂಲ್ಸು. ಪ್ರಾರ್ಥನೆ ಮುಗಿದ ಮೇಲೆ ಬಂದವರಿಗೆ ಗೇಟಿನ ಹತ್ತಿರ ಒಂದು ಸಾಲು. ಪೇಟೆಯಲ್ಲಿ ಇದಕ್ಕೆ ಏನಾದರೂ ಅರ್ಥವಿರಬಹುದು. ಬೇಲೂರು, ಆಲೂರು, ಸಕಲೇಶಪುರದ ತೋಟದ ಕಡೆ ಬೆಳಗ್ಗೆ ಅರಣ್ಯ ಇಲಾಖೆಯವರ ಮೆಸೇಜು ಬರುತ್ತದೆ: ಇಂಥ ಎಸ್ಟೇಟಿನ ಹತ್ತಿರ ಆನೆಗಳಿವೆ, ಓಡಾಡುವವರು ಎಚ್ಚರ. ತೋಟದ ಕೂಲಿಯವರ ಸಾಲು ಮನೆಗಳಿಂದ, ಅಂದರೆ ಲೈನ್ ಮನೆಯಿಂದ, ಬಸ್ಸಿನ ರಸ್ತೆಗೆ ನಡೆದು ಬರಬೇಕಾದ ಮಕ್ಕಳು ಆನೆ ದಾಟುವ ತನಕ ಕಾಯುತ್ತಾರೆ. ಅಷ್ಟೊತ್ತಿಗೆ ಬಸ್ಸು ಹೋಗಿರುತ್ತದೆ. ಮುಂದಿನದಕ್ಕೆ ಬಂದರೆ ಎರಡನೇ ಪೀರಿಯಡ್ಡು. ಆ ಮಗುವನ್ನು ಮತ್ತೆ ಹತ್ತು ನಿಮಿಷ ಗೇಟಿನಲ್ಲಿ ನಿಲ್ಲಿಸಿದರೆ ಕಲಿಯುವುದೇನು ಅಂತ ಯೋಚಿಸಿ. ಪಾಠ ಇನ್ನೂ ಹತ್ತು ನಿಮಿಷ ತಪ್ಪಿತು, ಅಷ್ಟೇ.

ಕೊಯ್ಲಿನ ಕಾಲ ಇದಕ್ಕಿಂತ ಕಷ್ಟ. ಎಫ್‌ಎ ಮೂರು, ನಾಲ್ಕು ಬರುವುದು ದಸರಾ ಕಳೆದ ಮೇಲೆ. ಅರೇಬಿಕಾ, ಆಮೇಲೆ ರೋಬಸ್ಟಾ ಹಣ್ಣಾಗುವುದೂ ಹೆಚ್ಚುಕಮ್ಮಿ ಅದೇ ತಿಂಗಳುಗಳಲ್ಲಿ. ಕೂಲಿ ಕೆಜಿ ಲೆಕ್ಕದಲ್ಲಿ. ಎಷ್ಟು ಕೈ ಸೇರಿದರೆ ಅಷ್ಟು ದುಡ್ಡು. ದೊಡ್ಡ ಮಕ್ಕಳು ತೋಟಕ್ಕೆ ಇಳಿಯದಿದ್ದರೂ ಚಿಕ್ಕವರನ್ನು ನೋಡಿಕೊಳ್ಳಲು ಮನೆಯಲ್ಲಿ ನಿಲ್ಲುತ್ತಾರೆ. ಒಬ್ಬ ತಾಯಿ ನನ್ನ ಹತ್ತಿರ ನೇರವಾಗಿಯೇ ಹೇಳಿದರು: "ಏನ್ ಮಾಡಾದು ಮೇಡಂ, ಸೀಸನ್ ಹೋದ್ರೆ ಹೋಯ್ತು. ಇವ್ಳು ಮನೇಲಿದ್ರೆ ಚಿಕ್ಕೋನ್ನ ನೋಡ್ಕತಾಳೆ. ಸೀಸನ್ ಮುಗುದ್ಮೇಲೆ ಒಂದಿನಾನೂ ತಪ್ಸಲ್ಲ." ಆ ಮೇಲೆ ತಪ್ಪಿಸಲೂ ಇಲ್ಲ. ಆದರೆ ನಾಲ್ಕರಲ್ಲಿ ಎರಡು ಎಫ್‌ಎ ಅಷ್ಟೊತ್ತಿಗೆ ಮುಗಿದಿದ್ದವು. ಅಂದರೆ ಆಂತರಿಕ ಅಂಕದ ಅರ್ಧ ಭಾಗ ತೀರ್ಮಾನ ಆಗುವುದು ಆ ವರ್ಷದ ಕಾಫಿ ಫಸಲಿನ ಮೇಲೆ.

ತಡವಾದದ್ದಕ್ಕೆ ಅಂಕ ಕಡಿಯಬೇಕು ಅನ್ನುವವರಿಗೆ ನಾನು ಒಂದು ವಿಷಯ ನೆನಪಿಸುತ್ತೇನೆ. 2024ರಲ್ಲಿ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಒಂದೇ ವರ್ಷದಲ್ಲಿ ಎಸ್ಸೆಸ್ಸೆಲ್ಸಿಗೆ ಮೂರು ಪರೀಕ್ಷೆ ನಡೆಸಲು ಶುರು ಮಾಡಿತು. ಪರೀಕ್ಷೆ 1ರಲ್ಲಿ ಬರದಿದ್ದರೆ 2, ಅದರಲ್ಲೂ ಆಗದಿದ್ದರೆ 3. ಮೂರರಲ್ಲಿ ಯಾವುದರಲ್ಲಿ ಹೆಚ್ಚು ಬಂತೋ ಅದೇ ಗಟ್ಟಿಯಾಗುತ್ತಿತ್ತು. ಇಡೀ ರಾಜ್ಯದ ಪಬ್ಲಿಕ್ ಪರೀಕ್ಷೆಗೇ ಮತ್ತೆ ಬರೆಯುವ ಅವಕಾಶ ಇರುವಾಗ, ಎಂಟನೇ ಕ್ಲಾಸಿನ ಹುಡುಗಿಯ ಒಂದು ಪುಟದ ಪ್ರಬಂಧ ಬುಧವಾರದ ಬದಲು ಶುಕ್ರವಾರ ಬಂದರೆ ಸೊನ್ನೆ ಅಂದರೆ ಏನರ್ಥ?

ನಮ್ಮ ಗಣಿತದ ಮೇಷ್ಟ್ರು ಇದನ್ನು ಒಪ್ಪುವುದಿಲ್ಲ. "ಮೇಡಂ, ನೀವು ಹಿಂಗೇ ಬಿಟ್ಕೊಂಡು ಹೋದ್ರೆ ನಾಳೆ ಪಿಯುಸಿನಲ್ಲಿ ಇವರಿಗೋಸ್ಕರ ಯಾರ್ ಕಾಯ್ತಾರೆ?" ಅವರ ಮಾತಿನಲ್ಲೂ ಸತ್ಯವಿದೆ. ನಮ್ಮಿಂದ ಹೋದ ಮಕ್ಕಳು ಬೇಲೂರು, ಹಾಸನದ ಕಾಲೇಜುಗಳಲ್ಲಿ ಮೊದಲ ಆರು ತಿಂಗಳು ಒದ್ದಾಡುವುದನ್ನು ನೋಡಿದ್ದೇನೆ. ಹಾಗಂತ ತಡವಾದರೆ ಏನೂ ಆಗುವುದಿಲ್ಲ ಅಂತ ನಾನೂ ಹೇಳುತ್ತಿಲ್ಲ. ನನ್ನ ಕ್ಲಾಸಿನಲ್ಲಿ ಹೋಮ್‌ವರ್ಕ್ ಬಾಕಿ ಇದ್ದವರು ಊಟದ ಬಿಡುವಿನಲ್ಲಿ ಕೂತು ಮುಗಿಸಬೇಕು. ಬಿಡುವು ಹೋಗುತ್ತದೆ. ಅಂಕ ಹೋಗುವುದಿಲ್ಲ. ಜೊತೆಗೆ, ಯಾಕೆ ತಡವಾಯಿತು ಅಂತ ಎರಡು ವಾಕ್ಯ ಇಂಗ್ಲಿಷಿನಲ್ಲಿ ಬರೆದು ಅಂಟಿಸಬೇಕು.

ಈ ಎರಡು ವಾಕ್ಯದ ರೂಲ್ಸಿನಿಂದ ನನಗೆ ಒಳ್ಳೆ ಮನರಂಜನೆ ಸಿಕ್ಕಿದೆ. ಶುರುವಿನಲ್ಲಿ ಎಲ್ಲರದೂ ಆನೆಯೇ. ಬಸ್ ಸ್ಟ್ಯಾಂಡಿನ ಹಿಂದೆಯೇ ಮನೆ ಇರುವ ಹುಡುಗನೊಬ್ಬ ಕೂಡ ಆನೆ ಬಂದು ಮನೆ ಮುಂದೆ ನಿಂತಿತ್ತು, ಪುಸ್ತಕ ತೆಗೆಯಲು ಆಗಲಿಲ್ಲ ಅಂತ ಬರೆದ. ಅಪ್ಪಟ ಸುಳ್ಳು. ಆದರೆ ಆ ಹುಡುಗ ಭೂತಕಾಲ ಸರಿಯಾಗಿ ಬರೆದದ್ದು ಅದೇ ಮೊದಲು. ಬಿಟ್ಟುಬಿಟ್ಟೆ.

ಹತ್ತು ರೂಪಾಯಿ

ಕನ್ನಡ ಆಡಿದರೆ ದಂಡ ಅನ್ನುವುದರ ಬಗ್ಗೆ ನಾನು ಜಾಸ್ತಿ ಸಿಟ್ಟು ಮಾಡಿಕೊಂಡು ಬರೆದರೆ ಅದು ಬೇರೆಯೇ ಜಗಳವಾಗುತ್ತದೆ. ಇಲ್ಲಿ ಕ್ಲಾಸಿನೊಳಗಿನ ಲೆಕ್ಕ ಮಾತ್ರ ನೋಡೋಣ. ದಂಡ ಇರುವ ಕ್ಲಾಸಿನಲ್ಲಿ ಹೆಸರು ಬರೆಯುವವರು ಯಾರು? ಕ್ಲಾಸ್ ಲೀಡರು. ಲೀಡರಿನ ಸ್ನೇಹಿತರ ಹೆಸರು ಆ ಪಟ್ಟಿಯಲ್ಲಿ ಇರುವುದಿಲ್ಲ. ದುಡ್ಡಿರುವ ಮನೆಯ ಮಕ್ಕಳು ದಿನಕ್ಕೆ ಇಪ್ಪತ್ತು ಕೊಟ್ಟು ಹಾಯಾಗಿ ಕನ್ನಡದಲ್ಲಿ ಹರಟುತ್ತಾರೆ. ದುಡ್ಡಿಲ್ಲದವರು ಬಾಯಿ ಮುಚ್ಚಿಕೊಂಡು ಕೂರುತ್ತಾರೆ. ಬಾಯಿ ಮುಚ್ಚಿಕೊಂಡವರಿಗೆ ಕನ್ನಡವೂ ಇಲ್ಲ, ಇಂಗ್ಲಿಷೂ ಇಲ್ಲ. ಟೀಚರಿಗೆ ಮಾತ್ರ ಕ್ಲಾಸು ಶಿಸ್ತಾಗಿ ಕಾಣುತ್ತದೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ನು ಮಕ್ಕಳಿಗೆ ಹೊಡೆಯುವಂತಿಲ್ಲ, ಮಾನಸಿಕ ಹಿಂಸೆ ಕೊಡುವಂತಿಲ್ಲ ಅನ್ನುತ್ತದೆ. ಹತ್ತು ರೂಪಾಯಿ ದಂಡ ಹಿಂಸೆಯಾ ಅಂತ ವಾದ ಮಾಡುವವರು ಮಾಡಲಿ. ಅಪ್ಪನ ಹತ್ತಿರ ಆ ದುಡ್ಡು ಕೇಳಬೇಕಾದ ಮಗುವನ್ನು ಕೇಳಿದರೆ ಗೊತ್ತಾಗುತ್ತದೆ. ಇನ್ನು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮಕ್ಕಳು ಮನೆಯಿಂದ ತರುವ ಹಲವು ಭಾಷೆಗಳನ್ನು ಕ್ಲಾಸಿನ ಬಂಡವಾಳ ಅಂತಲೇ ನೋಡಿತ್ತು. ಟ್ರೈನಿಂಗುಗಳಲ್ಲಿ ಈ ಮಾತು ಕೇಳಿ ಕೇಳಿ ನಮಗೆ ಬಾಯಿಪಾಠವಾಗಿದೆ. ತೋಟದ ಕಡೆಯ ಕ್ಲಾಸಿಗೆ ಬಂದರೆ ಅದು ಕಣ್ಣಿಗೇ ಕಾಣುತ್ತದೆ. ಕೆಲವರ ಮನೆಯಲ್ಲಿ ತುಳು, ಕೆಲವರಲ್ಲಿ ತಮಿಳು, ಉರ್ದು, ಬ್ಯಾರಿ. ಈಚೆಗೆ ಅಸ್ಸಾಮಿನಿಂದ ಕೆಲಸಕ್ಕೆ ಬಂದವರ ಮಕ್ಕಳೂ ಇದ್ದಾರೆ. ಇವರಲ್ಲಿ ಎಷ್ಟೋ ಮಕ್ಕಳು ಕನ್ನಡ ಕಲಿತದ್ದೇ ಶಾಲೆಗೆ ಬಂದ ಮೇಲೆ. ಕನ್ನಡದಲ್ಲಿ ಒಂದು ಪ್ರಶ್ನೆ ಕೇಳುವುದಕ್ಕೇ ಧೈರ್ಯ ಬೇಕಾದ ಮಗುವಿಗೆ, ಇಂಗ್ಲಿಷಿನಲ್ಲಿ ಕೇಳಿದರೆ ಮಾತ್ರ ಉತ್ತರ ಅಂದರೆ ಅದು ಕೇಳುವುದೇ ಇಲ್ಲ.

ಈಗ ನಮ್ಮ ಕಡೆಯ ರೋಗವನ್ನೂ ಹೇಳಿಬಿಡುತ್ತೇನೆ. ಪ್ರೈವೇಟಿನಲ್ಲಿ ಕನ್ನಡಕ್ಕೆ ದಂಡ, ಸರ್ಕಾರಿ ಶಾಲೆಯ ಎಷ್ಟೋ ಇಂಗ್ಲಿಷ್ ಕ್ಲಾಸುಗಳಲ್ಲಿ ಇಂಗ್ಲಿಷೇ ಇಲ್ಲ. ಪಾಠದ ಒಂದೊಂದು ಸಾಲು ಓದುವುದು, ಕನ್ನಡದಲ್ಲಿ ಅರ್ಥ ಹೇಳುವುದು, ಪ್ರಶ್ನೋತ್ತರ ಬೋರ್ಡಿನ ಮೇಲೆ ಬರೆಯುವುದು. ಮಕ್ಕಳು ಎಚ್ಚರವಾಗಿ ಕೇಳಿಸಿಕೊಂಡ ಇಂಗ್ಲಿಷ್ ಅಂದರೆ 'ಸಿಟ್ ಡೌನ್' ಒಂದೇ. ನಾನು ಎಬಿಸಿಡಿ ಕಲಿತದ್ದು ಐದನೇ ಕ್ಲಾಸಿನಲ್ಲಿ. 2007-08ರಿಂದ ಒಂದನೇ ಕ್ಲಾಸಿಗೇ ಇಂಗ್ಲಿಷ್ ಬಂತು. ಹಾಗಾಗಿ ಹೈಸ್ಕೂಲಿಗೆ ಬರುವ ಹೊತ್ತಿಗೆ ಇವರು ಏಳು ವರ್ಷ ಇಂಗ್ಲಿಷ್ ಓದಿರುತ್ತಾರೆ. ಜೂನ್ ತಿಂಗಳ ಸೇತುಬಂಧದಲ್ಲಿ, ಅಂದರೆ ಹಿಂದಿನ ಕ್ಲಾಸಿನ ಕಲಿಕೆ ನೆನಪಿಸುವ ಶುರುವಿನ ದಿನಗಳಲ್ಲಿ, ಪೂರ್ವ ಪರೀಕ್ಷೆ ಕೊಟ್ಟರೆ, ತಮ್ಮ ಬಗ್ಗೆ ಐದು ವಾಕ್ಯ ಬರೆಯಲು ತಿಣುಕುವವರೇ ಹೆಚ್ಚು. ಓದಿದ್ದಾರೆ, ನೋಟ್ಸ್ ಬರೆದಿದ್ದಾರೆ, ಕೇಳಿಸಿಕೊಂಡಿಲ್ಲ.

ಹಾಗಾಗಿ ಭಾಷೆಯ ರೂಲ್ಸು ನನ್ನ ಮೇಲೇ ಹಾಕಿಕೊಂಡೆ. ಪೀರಿಯಡ್ಡಿನ ಮೊದಲ ಹತ್ತು ನಿಮಿಷ ನಾನು ಕನ್ನಡ ಆಡುವಂತಿಲ್ಲ. ನಿನ್ನೆ ಬಸ್ಸಿನಲ್ಲಿ ಏನಾಯಿತು, ಬಿಸಿಯೂಟಕ್ಕೆ ಏನು ಸಾರು, ಮಳೆ ಎಲ್ಲೆಲ್ಲಿ ಬಂತು, ಇಂಥವೇ ಮಾತು. ಅವರು ಯಾವ ಭಾಷೆಯಲ್ಲಿ ಬೇಕಾದರೂ ಉತ್ತರ ಹೇಳಬಹುದು. ಪ್ರಶ್ನೆ ಯಾವಾಗ ಬೇಕಾದರೂ ಕನ್ನಡದಲ್ಲಿ ಕೇಳಬಹುದು. ಆಗಸ್ಟ್ ಹೊತ್ತಿಗೆ ಅರ್ಧ ಕ್ಲಾಸು ಒಂದೆರಡು ಶಬ್ದ ಇಂಗ್ಲಿಷಿನಲ್ಲಿ ಎಸೆಯಲು ಶುರು ಮಾಡುತ್ತದೆ. ಉಳಿದರ್ಧ ಸುಮ್ನೆ ನಗುತ್ತಾ ಕೇಳುತ್ತದೆ. ಇರಲಿ, ಕೇಳಲಿ.

ಕಾಪಿ

ಗೈಡು ನೋಡಿ ಬರೆಯಬಾರದು ಅನ್ನುವ ರೂಲ್ಸಿನ ವಿಷಯದಲ್ಲಿ ನಮಗೆಲ್ಲಾ ಸ್ವಲ್ಪ ನಾಚಿಕೆ ಆಗಬೇಕು. ಜೂನಿನಲ್ಲಿ ಸ್ವಂತವಾಗಿ ಬರೆಯಿರಿ ಅನ್ನುತ್ತೇವೆ. ಡಿಸೆಂಬರ್ ಬಂದರೆ ಪಾಸಿಂಗ್ ಪ್ಯಾಕೇಜ್ ಅಂತ ನಾವೇ ಜೆರಾಕ್ಸ್ ಹಂಚುತ್ತೇವೆ. ಬಾಯಿಪಾಠದ ಪದ್ಯಕ್ಕೆ ನಾಲ್ಕು ಅಂಕ, ಪತ್ರಕ್ಕೆ ಐದು, ಪತ್ರದ ಫಾರ್ಮ್ಯಾಟ್ ಉರು ಹೊಡೆದರೆ ಅದರಲ್ಲೇ ಎರಡು ಗ್ಯಾರಂಟಿ. ಹೀಗೆ ಒಂದೊಂದೇ ಕೂಡಿಸಿ ಮಕ್ಕಳನ್ನು ದಡ ಹತ್ತಿಸುವುದು. ಫಲಿತಾಂಶ ಕಡಿಮೆಯಾದರೆ ನೋಟಿಸು ಬರುವುದು ಟೀಚರಿಗೆ ತಾನೇ? 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಅದೂ ಕೃಪಾಂಕ ಹೆಚ್ಚು ಮಾಡಿದ ಮೇಲೆ. ಪೇಪರಿನವರಿಗೆ ಅದು ದೊಡ್ಡ ಸುದ್ದಿ. ಸ್ಟಾಫ್ ರೂಮಿನಲ್ಲಿ ಯಾರೂ ಬೆಚ್ಚಿಬಿದ್ದ ಹಾಗೆ ಕಾಣಲಿಲ್ಲ.

ಎಐ ಬಂದ ಮೇಲೆ ಕಾಪಿಯ ಗುಣಮಟ್ಟ ಸುಧಾರಿಸಿದೆ, ಅಷ್ಟೇ ಬದಲಾವಣೆ. ಊರಿನ ರಸ್ತೆ ಗುಂಡಿ ಬಿದ್ದಿದೆ, ಗ್ರಾಮ ಪಂಚಾಯಿತಿಗೆ ಪತ್ರ ಬರೆಯಿರಿ ಅಂತ ಕೊಟ್ಟರೆ, ಹತ್ತನೇ ಕ್ಲಾಸಿನ ಹುಡುಗನೊಬ್ಬ ಹೈಕೋರ್ಟಿಗೆ ಹಾಕುವ ಅರ್ಜಿಯಂಥದ್ದು ತಂದ. ವಾಟ್ಸಾಪಿನಲ್ಲೇ ಎಐನ ಆ ನೀಲಿ ಉಂಗುರ ಒತ್ತಿ ಕೇಳಿದ್ದ. ಸೊನ್ನೆ ಹಾಕುವುದು ಸುಲಭ. ಅದರ ಬದಲು ಅವನನ್ನು ಎದ್ದು ನಿಲ್ಲಿಸಿ ಓದಿಸಿದೆ, ಪ್ರತಿ ಸಾಲಿಗೂ ಕನ್ನಡದಲ್ಲಿ ಅರ್ಥ ಕೇಳಿದೆ. ಎರಡನೇ ಸಾಲಿಗೇ ಬೆವರಿದ. ಆಮೇಲೆ ಅಲ್ಲೇ ಕೂತು, ಅವನ ಊರಿನ ಯಾವ ತಿರುವಿನಲ್ಲಿ ಗುಂಡಿ ಇದೆ, ಹಾಲಿನ ಗಾಡಿ ಯಾವತ್ತು ಮಗುಚಿತು ಅಂತ ಕೇಳಿ ಕೇಳಿ ಐದು ವಾಕ್ಯ ಬರೆಸಿದೆ. ಆ ಐದು ವಾಕ್ಯಕ್ಕೆ ಅಂಕ ಕೊಟ್ಟೆ. ಈಗ ನನ್ನ ರೂಲ್ಸು ಇಷ್ಟೇ: ಮನೆಯಲ್ಲಿ ಏನು ಬೇಕಾದರೂ ನೋಡಿ, ಯಾರನ್ನು ಬೇಕಾದರೂ ಕೇಳಿ. ಅಂಕ ಮಾತ್ರ ನನ್ನ ಕಣ್ಣ ಮುಂದೆ ಕೈಯಲ್ಲಿ ಬರೆದದ್ದಕ್ಕೆ. ಇದರಿಂದ ಪಾಠ ನಿಧಾನವಾಗುತ್ತದೆ. ಸಿಲಬಸ್ ಮುಗಿಸಲು ಜನವರಿಯಲ್ಲಿ ಓಡಬೇಕಾಗುತ್ತದೆ. ಅದಕ್ಕೆ ನನ್ನ ಹತ್ತಿರ ಉಪಾಯವಿಲ್ಲ.

ಮಕ್ಕಳು ಹೇಳಿದ್ದು

ತಂಗಿ ಕಳಿಸಿದ ಹಾಳೆ ಓದಿದ ಮರುವಾರ ಒಂಬತ್ತನೇ ಕ್ಲಾಸಿನಲ್ಲಿ ಒಂದು ಕೆಲಸ ಮಾಡಿದೆ. ಆವತ್ತು ಭಾರಿ ಮಳೆ. ಹಂಚಿನ ಮೇಲಿನ ಸದ್ದಿಗೆ ಪಾಠ ಮಾಡಿದರೆ ಎರಡನೇ ಬೆಂಚಿಗೂ ಕೇಳುವುದಿಲ್ಲ. ಕರೆಂಟೂ ಇರಲಿಲ್ಲ. ಎಲ್ಲರನ್ನೂ ಮುಂದಕ್ಕೆ ಕರೆದು, ಈ ವರ್ಷ ಇಂಗ್ಲಿಷ್ ಕ್ಲಾಸಿಗೆ ಏನು ರೂಲ್ಸು ಇರಬೇಕು ಹೇಳಿ, ಬೋರ್ಡಿನ ಮೇಲೆ ಬರೆಯುತ್ತೇನೆ ಅಂದೆ. ತಕ್ಷಣ ಬಂದವು: "ಗಲಾಟೆ ಮಾಡಬಾರದು ಮಿಸ್." "ಕೈ ಕಟ್ಕೊಂಡು ಕೂತ್ಕೋಬೇಕು ಮಿಸ್." "ಕಾಪಿ ಹೊಡೀಬಾರದು." "ಮಾತಾಡಿದೋರ ಹೆಸರು ಬರೀಬೇಕು." ನನಗೆ ಏನು ಬೇಕು ಅಂತ ಅವರು ಅಂದುಕೊಂಡಿದ್ದರೋ ಅದನ್ನೇ ನನಗೆ ವಾಪಸ್ ಕೊಟ್ಟರು. ಎಂಟು ವರ್ಷ ಶಾಲೆಯಲ್ಲಿ ಅವರು ಚೆನ್ನಾಗಿ ಕಲಿತದ್ದು ಇದೇ ಇರಬೇಕು.

ಅದನ್ನೆಲ್ಲಾ ಬರೆದೆ. ಆಮೇಲೆ ಬೋರ್ಡಿನ ಮಧ್ಯೆ ಒಂದು ಗೆರೆ ಎಳೆದು, ಇದು ನನ್ನ ಪಾಲು, ನನಗೂ ರೂಲ್ಸು ಹೇಳಿ ಅಂದೆ. ಸ್ವಲ್ಪ ಹೊತ್ತು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಕಿಟಕಿ ಹತ್ತಿರದ ಹುಡುಗ, ಸಾಮಾನ್ಯವಾಗಿ ಮಾತೇ ಆಡದವನು, "ಮಿಸ್, ಪೂರ್ತಿ ಪೇಜು ಕೆಂಪು ಪೆನ್ನಲ್ಲಿ ಗೀಚ್ಬೇಡಿ. ಮನೇಲಿ ಏನೂ ಬರಲ್ಲ ನಿಂಗೆ ಅಂತಾರೆ" ಅಂದ. ಅದು ಬಾಗಿಲು ತೆಗೆದ ಹಾಗಾಯಿತು. ನೋಟ್‌ಬುಕ್ಕು ತಗೊಂಡು ಹೋದರೆ ಒಂದು ವಾರದಲ್ಲಿ ವಾಪಸ್ ಕೊಡಬೇಕು. ತಪ್ಪು ಓದಿದರೆ ಯಾರೂ ನಗಬಾರದು, ನೀವೂ ಕೂಡ. ಯಾವುದಕ್ಕೆ ಎಷ್ಟು ಅಂಕ ಅಂತ ಮುಂಚೆನೇ ಹೇಳಬೇಕು. ಗೊತ್ತಿಲ್ಲ ಅಂದವರನ್ನು ಪೀರಿಯಡ್ಡು ಮುಗಿಯುವ ತನಕ ನಿಲ್ಲಿಸಬಾರದು. ಬೇರೆ ಸೆಕ್ಷನ್ನಿನ ಮುಂದೆ ನಮ್ಮ ಮಾರ್ಕ್ಸು ಓದಬಾರದು. ಒಬ್ಬಳು, "ಶನಿವಾರ ಇಂಗ್ಲಿಷ್ ಬೇಡ ಮಿಸ್," ಅಂದಳು. ಅದನ್ನು ಮಾತ್ರ ಬರೆಯಲಿಲ್ಲ.

ಕೆಂಪು ಪೆನ್ನಿನ ವಿಷಯ ಟ್ರೈನಿಂಗಿನಲ್ಲೂ ಕೇಳಿದ್ದೆ. ಬೆಂಗಳೂರಿನ ಜ್ಞಾನಭಾರತಿಯಲ್ಲಿರುವ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ 1963ರಿಂದ ದಕ್ಷಿಣದ ರಾಜ್ಯಗಳ ಟೀಚರುಗಳಿಗೆ ಇಂಥದ್ದನ್ನೇ ಹೇಳಿಕೊಡುತ್ತಾ ಬಂದಿದೆ. ಒಂದು ಸಲಕ್ಕೆ ಒಂದೇ ಬಗೆಯ ತಪ್ಪು ತಿದ್ದಿ ಅನ್ನುವುದು ಹೊಸ ಮಾತಲ್ಲ. ಆದರೆ ಎಕ್ಸ್‌ಪರ್ಟುಗಳು ಹೇಳುವುದಕ್ಕೂ, ಮಂಕು ಬೆಳಕಿನ ಕ್ಲಾಸಿನಲ್ಲಿ ಆ ಪುಟ ಮನೆಗೆ ಒಯ್ದು ಬೈಸಿಕೊಂಡ ಹುಡುಗನೇ ಹೇಳುವುದಕ್ಕೂ ವ್ಯತ್ಯಾಸ ಇದೆ. ಈಗ ಈ ವಾರ ಕ್ರಿಯಾಪದ ಮಾತ್ರ ಅಂದರೆ ಅಷ್ಟೇ ತಿದ್ದುತ್ತೇನೆ. ಸ್ಪೆಲ್ಲಿಂಗ್ ತಪ್ಪುಗಳು ಕಣ್ಣು ಚುಚ್ಚುತ್ತವೆ. ಪೆನ್ನು ಮುಚ್ಚಿಟ್ಟು ಮುಂದಿನ ಪುಸ್ತಕ ತೆಗೆಯುತ್ತೇನೆ.

ಆ ಪಟ್ಟಿಯನ್ನು ಕನ್ನಡದಲ್ಲೇ ಬರೆದು ಗೋಡೆಗೆ ಅಂಟಿಸಿದ್ದೇವೆ. ಕೆಳಗೆ ನನ್ನ ಸಹಿ, ಮಕ್ಕಳ ಸಹಿ. ಪೋಷಕರ ಸಹಿ ಬೇಡ ಅಂದೆ, ಅದಕ್ಕೆ ಕಾರಣವಿದೆ. ಹಿಂದೊಮ್ಮೆ ಟೆಸ್ಟ್ ಪೇಪರಿಗೆಲ್ಲಾ ಸಹಿ ತರಬೇಕು ಅಂತ ಶಾಲೆಯಲ್ಲಿ ನಿಯಮವಿತ್ತು. ಒಬ್ಬ ಹುಡುಗಿ ಪ್ರತಿ ಸಲ ಅಪ್ಪನ ಸಹಿ ತರುತ್ತಿದ್ದಳು. ಇಂಗ್ಲಿಷಿನಲ್ಲಿ, ಉದ್ದ ಬಾಲ ಬಿಟ್ಟ ಚೆಂದದ ಸಹಿ. ಆಮೇಲೆ ಪೋಷಕರ ಸಭೆಗೆ ಆ ಅಪ್ಪ ಬಂದರು. ಹಾಜರಿ ಪುಸ್ತಕ ಮುಂದಿಟ್ಟೆ. ಪೆನ್ನು ಗಟ್ಟಿಯಾಗಿ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ಕನ್ನಡದಲ್ಲಿ ಹೆಸರು ಬರೆದರು. ಮಗಳು ಬಾಗಿಲ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ಏನೂ ಕೇಳಲಿಲ್ಲ. ಹುಡುಗಿ ಚೆನ್ನಾಗಿ ಓದ್ತಾಳೆ, ತಪ್ಪಿಸದೆ ಕಳಿಸಿ ಅಂದೆ. "ಆಯ್ತು ಮೇಡಂ, ನಮಗಂತೂ ಇವೆಲ್ಲಾ ತಿಳಿಯಲ್ಲ, ನೀವೇ ನೋಡ್ಕಳಿ" ಅಂದರು. ಸಹಿ ಬೇಕು ಅನ್ನುವ ರೂಲ್ಸು ಆ ಮನೆಗೆ ಒಂದು ಸುಳ್ಳು ಕಲಿಸಿತ್ತು, ಬೇರೇನೂ ಕೊಟ್ಟಿರಲಿಲ್ಲ. ಪೋಷಕರಿಗೆ ಹೇಳುವುದು ಏನಾದರೂ ಇದ್ದರೆ ಫೋನ್ ಮಾಡುತ್ತೇನೆ. ಸಂಜೆ ಏಳರ ಮೇಲೆ, ತೋಟದಿಂದ ಬಂದು ಸ್ನಾನ ಮುಗಿಸಿರುತ್ತಾರೆ.

ಈಗ ಉಳಿದಿರುವುದು ಒಂದು ಜಗಳ. ಕೊಯ್ಲಿನ ಹೊತ್ತಿನಲ್ಲಿ ಎಫ್‌ಎ ತಪ್ಪಿಸಿಕೊಂಡ ಮಕ್ಕಳಿಗೆ ಫೆಬ್ರವರಿಯಲ್ಲಿ ಇನ್ನೊಂದು ಅವಕಾಶ ಕೊಡಬೇಕು, ಎಲ್ಲಾ ವಿಷಯಗಳಲ್ಲೂ ಕೊಡಬೇಕು ಅಂತ ನಾನು ಕೇಳಿದ್ದೇನೆ. ಗಣಿತದ ಮೇಷ್ಟ್ರು, ಆಗ ತಯಾರಿ ಪರೀಕ್ಷೆ ಇರುತ್ತೆ, ಯಾರ್ರೀ ಮಾಡ್ಸೋದು ಅಂತಾರೆ. ಹಿಂದಿ ಮೇಡಂ ನನ್ನ ಕಡೆ. ಸಮಾಜ ಮೇಷ್ಟ್ರು ಯಾವ ಕಡೆಗೂ ಇಲ್ಲ, ಯಾವತ್ತೂ ಇಲ್ಲ. ಎಚ್ಚೆಮ್ಮು ದಸರಾ ರಜೆ ಮುಗಿದ ಮೇಲೆ ಸ್ಟಾಫ್ ಮೀಟಿಂಗಿನಲ್ಲಿ ಇಡೋಣ ಅಂದಿದ್ದಾರೆ. ಮುಂದಕ್ಕೆ ಹಾಕಲು ಬಿಡುವುದಿಲ್ಲ ಅಂತ ಹೇಳಿದ್ದೇನೆ. ದೀಪಾವಳಿ ಕಳೆದರೆ ತೋಟಗಳಲ್ಲಿ ಕೆಲಸ ಶುರು, ಆಮೇಲೆ ಈ ವಿಷಯ ಹೇಳಲು ಯಾವ ಮಗುವೂ ಕೈಗೆ ಸಿಗುವುದಿಲ್ಲ.